ಫಾರ್ಮ್ ಒಂದೇ ಸಾಕು, ಬಟನ್ ತನ್ನ ಕೆಲಸ ಹೇಳಲಿ

ಮಿನಿ ಪ್ರಾಜೆಕ್ಟ್ ಕಾಲ ಬಂತು ಅಂದ್ರೆ ಲ್ಯಾಬ್‌ನ ಯಾವ ಸಿಸ್ಟಮ್ ಮುಂದೆ ಕೂತರೂ ಕಾಣೋದು ಒಂದೇ: ಫಾರ್ಮ್1, ಫಾರ್ಮ್2, ಫಾರ್ಮ್3, ಹೀಗೆ ಹನ್ನೊಂದೋ ಹನ್ನೆರಡೋ ಫೈಲುಗಳ ಸಾಲು. ತೆರೆದು ನೋಡಿದರೆ ಅರ್ಧಕ್ಕಿಂತ ಹೆಚ್ಚು ಒಂದೇ ಅಚ್ಚಿನವು. ಅದೇ ಹೆಸರಿನ ಪೆಟ್ಟಿಗೆ, ಅದೇ ವಿಳಾಸದ ಪೆಟ್ಟಿಗೆ, ಅದೇ ಫೋನ್ ನಂಬರು. ಕೆಳಗಿನ ಬಟನ್ ಮಾತ್ರ ಬೇರೆ. ಒಂದರಲ್ಲಿ ‘ಸೇರಿಸು’, ಇನ್ನೊಂದರಲ್ಲಿ ‘ತಿದ್ದು’, ಮತ್ತೊಂದರಲ್ಲಿ ‘ಅಳಿಸು’. ಒಂದು ಬಟನ್ ಬದಲಾಯಿಸೋಕೆ ಇಡೀ ಫಾರ್ಮನ್ನೇ ಕಾಪಿ ಹೊಡೆದಿರುತ್ತಾರೆ.

“ಓಡುತ್ತಲ್ಲ, ಇನ್ನೇನು ಬೇಕು?” ಅಂತ ಗೆಳೆಯರು ಕೇಳ್ತಾರೆ. ಓಡುತ್ತೆ, ನಿಜ. ವೈವಾ ದಿನ ಹತ್ತು ನಿಮಿಷ ಓಡಿದರೆ ಸಾಕು ಅನ್ನೋದಾದರೆ ನಮ್ಮದೇನೂ ತಕರಾರಿಲ್ಲ. ಆದರೆ ಡೆಸ್ಕ್‌ಟಾಪ್ ಪ್ರೋಗ್ರಾಮ್ ಅನ್ನೋದು ಹತ್ತು ನಿಮಿಷದ ವಸ್ತುವಲ್ಲ. ಔಷಧಿ ಅಂಗಡಿ, ಸಹಕಾರ ಸಂಘ, ಹಾಲಿನ ಡೇರಿ, ಅಡಿಕೆ ಮಂಡಿ, ಇಂಥ ಕಡೆ ಒಮ್ಮೆ ಹಾಕಿದ ಪ್ರೋಗ್ರಾಮು ವರ್ಷಾನುಗಟ್ಟಲೆ ಅಲುಗಾಡದೆ ಕೂರುತ್ತೆ. ಬರೆದವರು ಊರು ಬಿಟ್ಟು ಹೋಗಿರ್ತಾರೆ, ಪ್ರೋಗ್ರಾಮು ಅಲ್ಲೇ ಇರುತ್ತೆ.

ಅದಕ್ಕೇ ನಾವು ಹೇಳೋದು ಇಷ್ಟು. ಮಾಹಿತಿ ತುಂಬುವ ಫಾರ್ಮ್ ಒಂದೇ ಇರಲಿ. ಬಟನ್ ಒತ್ತಿದ ಮೇಲೆ ಏನಾಗಬೇಕು ಅನ್ನೋದನ್ನು ಆ ಫಾರ್ಮನ್ನು ಕರೆದ ಕೋಡ್ ತೀರ್ಮಾನಿಸಲಿ. ಮತ್ತು ಆ ಬಟನ್ ಮೇಲೆ ಅದು ಮಾಡುವ ಕೆಲಸದ ಹೆಸರೇ ಇರಲಿ. ಮೊದಲಿನ ಎರಡು ಪ್ರೋಗ್ರಾಮ್ ಬರೆಯುವವರ ಅನುಕೂಲಕ್ಕೆ, ಮೂರನೆಯದು ಬಳಸುವವರ ಕ್ಷೇಮಕ್ಕೆ. ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಕುಂಟುತ್ತವೆ.

ಕಾಗದದ ಫಾರ್ಮ್ ಕಲಿಸುವ ಪಾಠ

ರೈಲ್ವೆ ಕೌಂಟರ್‌ನಲ್ಲಿ ಟಿಕೆಟ್‌ಗಾಗಿ ತುಂಬುವ ಚೀಟಿ ನೋಡಿರಬಹುದು. ಅದರ ತಲೆಬರಹದಲ್ಲೇ ರಿಸರ್ವೇಶನ್, ಕ್ಯಾನ್ಸಲೇಶನ್ ಎರಡೂ ಇವೆ. ರೈಲಿನ ನಂಬರು, ದಿನಾಂಕ, ಪ್ರಯಾಣಿಕರ ಹೆಸರು, ವಯಸ್ಸು: ಎರಡೂ ಕೆಲಸಕ್ಕೆ ಬೇಕಾದ ಮಾಹಿತಿ ಹೆಚ್ಚೂಕಮ್ಮಿ ಒಂದೇ, ಹಾಗಾಗಿ ಕಾಗದವೂ ಒಂದೇ. ಆ ಕಾಗದಕ್ಕೆ ತಾನಾಗಿ ಟಿಕೆಟ್ ಕೊಡೋಕೂ ಬರಲ್ಲ, ರದ್ದು ಮಾಡೋಕೂ ಬರಲ್ಲ. ಅದನ್ನು ಈಸಿಕೊಂಡ ಗುಮಾಸ್ತರು ಮಾಡ್ತಾರೆ. ಮಾಹಿತಿ ತುಂಬಿಸಿಕೊಳ್ಳೋದು ಫಾರ್ಮ್‌ನ ಕೆಲಸ, ಆಮೇಲಿನದೆಲ್ಲ ಕೌಂಟರಿನ ಕೆಲಸ. ಇಷ್ಟು ಸರಳವಾದ ಹಂಚಿಕೆ ಪರದೆ ಮೇಲೆ ಬಂದ ಕೂಡಲೇ ನಮಗೆ ಯಾಕೆ ಮರೆತುಹೋಗುತ್ತೆ?

ನಮ್ಮ ಪ್ರಕಾರ ಇದರಲ್ಲಿ ಕೈಯಲ್ಲಿರೋ ಸಲಕರಣೆಯ ಪಾಲು ದೊಡ್ಡದು. 1991ರಲ್ಲಿ ವಿಷುಯಲ್ ಬೇಸಿಕ್ ಬಂದಾಗ ಅದು ತೋರಿಸಿದ ಜಾದೂ ಇದು: ಫಾರ್ಮ್ ಮೇಲೆ ಒಂದು ಬಟನ್ ಎಳೆದು ಇಡಿ, ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕೋಡ್ ಬರೆಯೋ ಜಾಗ ತಾನಾಗಿ ತೆರೆದುಕೊಳ್ಳುತ್ತೆ. 1995ರ ಡೆಲ್ಫಿ, 2002ರಲ್ಲಿ ಡಾಟ್‌ನೆಟ್ ಜೊತೆ ಬಂದ ವಿಂಡೋಸ್ ಫಾರ್ಮ್ಸ್, ಎರಡೂ ಇದೇ ದಾರಿ ಹಿಡಿದವು. ಕಲಿಯೋಕೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಆದರೆ ಆ ಎರಡು ಕ್ಲಿಕ್ ನಮಗೆ ಗೊತ್ತಿಲ್ಲದ ಹಾಗೆ ಒಂದು ಅಭ್ಯಾಸ ಕಲಿಸಿಬಿಡುತ್ತೆ. ಬಟನ್‌ನ ಕೆಲಸವನ್ನು ಬಟನ್ ಇರೋ ಫಾರ್ಮ್ ಒಳಗೇ ಬರೀಬೇಕು ಅನ್ನೋ ಅಭ್ಯಾಸ. ಡೇಟಾಬೇಸ್‌ಗೆ ಸೇರಿಸುವ ಸಾಲು ಅಲ್ಲಿ ಒಮ್ಮೆ ಕೂತರೆ, ಆ ಫಾರ್ಮ್ ‘ಸೇರಿಸುವ ಫಾರ್ಮ್’ ಆಗಿ ಹೆಪ್ಪುಗಟ್ಟುತ್ತೆ. ತಿದ್ದೋಕೆ ಬೇಕು ಅಂದಾಗ ಕಾಪಿ ಮಾಡದೆ ಬೇರೆ ದಾರಿಯೇ ಕಾಣಲ್ಲ.

ಡೇರಿಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ಪ್ರೋಗ್ರಾಮ್ ಬರೀತಿದ್ದೀವಿ ಅಂದುಕೊಳ್ಳಿ. ಲೀಟರು, ಫ್ಯಾಟು, ಎಸ್‌ಎನ್‌ಎಫ್ ಲೆಕ್ಕ ಒಂದು ಕಡೆ ಇರಲಿ, ಸದಸ್ಯರ ಫಾರ್ಮ್ ಮಾತ್ರ ನೋಡೋಣ. ಹೆಸರು, ಸದಸ್ಯ ಸಂಖ್ಯೆ, ಫೋನು, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ. ಹೊಸ ಸದಸ್ಯರು ಬಂದಾಗ ಸೇರಿಸಬೇಕು, ವಿವರ ಬದಲಾದರೆ ತಿದ್ದಬೇಕು, ಕೆಲವೊಮ್ಮೆ ಬರೀ ನೋಡಬೇಕು. ಕಾಪಿ ದಾರಿಯಲ್ಲಿ ಹೋದರೆ ಮೂರು ಫಾರ್ಮ್.

ಐಎಫ್‌ಎಸ್‌ಸಿ ಅಂದ್ರೆ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನದು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯದು. ಯಾರೋ ಜಾಣರು ಸೇರಿಸುವ ಫಾರ್ಮ್‌ನಲ್ಲಿ ಇದನ್ನು ತಪಾಸಣೆ ಮಾಡುವ ಕೋಡ್ ಬರೆದಿದ್ದಾರೆ. ತಿದ್ದುವ ಫಾರ್ಮನ್ನು ಅದಕ್ಕಿಂತ ಮೊದಲೇ ಕಾಪಿ ಮಾಡಿ ಆಗಿತ್ತು, ಅದರಲ್ಲಿ ಈ ತಪಾಸಣೆ ಇಲ್ಲ. ಯಾರಿಗೂ ಗೊತ್ತಾಗಲ್ಲ, ಯಾಕೆಂದ್ರೆ ಎರಡೂ ನೋಡೋಕೆ ಒಂದೇ ಥರ.

ಈಗ ನಮ್ಮ ನಾಡಿನಲ್ಲೇ ಹುಟ್ಟಿ ಬೆಳೆದ ಬ್ಯಾಂಕುಗಳ ಕಥೆ ನೆನಪು ಮಾಡಿಕೊಳ್ಳಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಹೋದವು. ಶಾಖೆ ಅದೇ ರಸ್ತೆಯಲ್ಲಿ ಉಳಿದರೂ ಐಎಫ್‌ಎಸ್‌ಸಿ ಬದಲಾಯಿತು. ‘ಎಸ್‌ವೈಎನ್‌ಬಿ’ ಅಂತ ಶುರುವಾಗುತ್ತಿದ್ದದ್ದು ‘ಸಿಎನ್‌ಆರ್‌ಬಿ’ ಆಯಿತು.

ಇಂಥ ಹೊತ್ತಲ್ಲಿ ಡೇರಿಯ ಕಾರ್ಯದರ್ಶಿ ಯಾವ ಫಾರ್ಮ್ ತೆರೀತಾರೆ? ಸೇರಿಸುವುದನ್ನಲ್ಲ, ತಿದ್ದುವುದನ್ನು. ಸಾಲಾಗಿ ನೂರು ಸದಸ್ಯರ ಕೋಡ್ ಬದಲಾಯಿಸಬೇಕು, ಬೆಳಿಗ್ಗೆಯ ಹಾಲು ಅಳೆದು ಮುಗಿಸಿದ ಆಯಾಸ ಬೇರೆ. ಸೊನ್ನೆ ಇರಬೇಕಾದ ಕಡೆ ‘ಓ’ ಅಕ್ಷರ ಬೀಳುತ್ತೆ, ಒಂದು ಅಂಕಿ ಬಿಟ್ಟುಹೋಗುತ್ತೆ. ತಪಾಸಣೆ ಯಾವ ಫಾರ್ಮ್‌ನಲ್ಲಿ ಹೆಚ್ಚು ಬೇಕಿತ್ತೋ ಅದರಲ್ಲೇ ಇಲ್ಲ. ಬಟವಾಡೆಯ ದಿನ ಒಬ್ಬರ ದುಡ್ಡು ಖಾತೆಗೆ ಬರಲಿಲ್ಲ ಅಂದ್ರೆ, ಮನೆಯಲ್ಲಿ ಹಿಂಡಿ ತರೋದು ನಿಲ್ಲುತ್ತೆ. ಕಾಪಿ ಪೇಸ್ಟ್ ಅನ್ನೋದು ಬರೀ ಕೋಡ್‌ನ ಅಂದಚಂದದ ಪ್ರಶ್ನೆ ಅಲ್ಲ ಅಂತ ನಾವು ಹೇಳೋದು ಇದಕ್ಕೇ. ಒಂದು ನಿಯಮ ಮೂರು ಕಡೆ ಇದ್ದರೆ, ಯಾವತ್ತಾದರೂ ಒಂದು ದಿನ ಎರಡೇ ಕಡೆ ತಿದ್ದಿರುತ್ತಾರೆ.

ಅರ್ಧ ದಾರಿಯ ಎರಡು ಉಪಾಯ

ಕಾಪಿ ಬೇಡ ಅಂತ ತಿಳಿದವರು ಸಾಮಾನ್ಯವಾಗಿ ಮೊದಲು ಹಿಡಿಯೋದು ಫ್ಲ್ಯಾಗ್ ದಾರಿ. ಫಾರ್ಮ್‌ಗೆ ‘ಮೋಡ್’ ಅಂತ ಒಂದು ಸಂಖ್ಯೆ ಕೊಡ್ತಾರೆ: 1 ಅಂದ್ರೆ ಸೇರಿಸು, 2 ಅಂದ್ರೆ ತಿದ್ದು, 3 ಅಂದ್ರೆ ನೋಡು. ಬಟನ್ ಕೋಡ್ ಒಳಗೆ ಇಫ್, ಎಲ್ಸ್ ಇಫ್. ಕಾಪಿಗಿಂತ ಇದು ಎಷ್ಟೋ ಮೇಲು, ಅದನ್ನ ಒಪ್ಪುತ್ತೇವೆ. ಮೂರು ಮೋಡ್ ಇರೋವರೆಗೂ ನಡೆಯುತ್ತೆ. ಆಮೇಲೆ ‘ಅಮಾನತಿನಲ್ಲಿಡು’ ಅಂತ ನಾಲ್ಕನೆಯದು ಬರುತ್ತೆ, ‘ಬೇರೆ ಸಂಘಕ್ಕೆ ವರ್ಗಾಯಿಸು’ ಅಂತ ಐದನೆಯದು. ಪ್ರತಿ ಸಲವೂ ಅದೇ ಫಾರ್ಮ್ ತೆರೆದು, ಓಡುತ್ತಿರೋ ಇಫ್‌ಗಳ ನಡುವೆ ಇನ್ನೊಂದು ಇಫ್ ತುರುಕಬೇಕು. ಐದನೆಯದನ್ನು ಸೇರಿಸುವಾಗ ಎರಡನೆಯದು ಕೆಡುತ್ತೆ. ಸಂಘದಲ್ಲಿ ನಡೆಯೋ ಕೆಲಸವೆಲ್ಲ ಆ ಒಂದು ಫಾರ್ಮ್‌ಗೇ ಗೊತ್ತಿರಬೇಕು ಅಂತ ಆಗುತ್ತೆ. ರೈಲ್ವೆ ಚೀಟಿ ಮೇಲೇ ಗುಮಾಸ್ತರ ನಿಯಮಪುಸ್ತಕ ಅಚ್ಚು ಹಾಕಿದ ಹಾಗೆ.

ಎರಡನೆಯ ಉಪಾಯ ಇನ್‌ಹೆರಿಟೆನ್ಸ್. ಒಂದು ಮೂಲ ಫಾರ್ಮ್ ಮಾಡಿ, ಅದರಿಂದ ಸೇರಿಸುವ ಫಾರ್ಮ್, ತಿದ್ದುವ ಫಾರ್ಮ್ ಹುಟ್ಟಿಸೋದು. ಓಓಪಿ ಪಾಠ ಮುಗಿದ ಸೆಮಿಸ್ಟರ್‌ನಲ್ಲಿ ಇದರ ಮೇಲೆ ಎಲ್ಲರಿಗೂ ಪ್ರೀತಿ. ವಿಂಡೋಸ್ ಫಾರ್ಮ್ಸ್‌ನಲ್ಲಿ ಇದಕ್ಕೆ ಸೌಲಭ್ಯವೂ ಇದೆ. ಆದರೆ ಮೂರು ಮುಳ್ಳುಗಳಿವೆ. ಸಿ ಶಾರ್ಪ್‌ನಲ್ಲಿ ಫಾರ್ಮ್ ಮೇಲಿಟ್ಟ ಬಟನ್‌ಗಳು ಸುಮ್ಮನೆ ಬಿಟ್ಟರೆ ಪ್ರೈವೇಟ್, ಮಗ ಫಾರ್ಮ್‌ಗೆ ಅವನ್ನು ಮುಟ್ಟೋಕಾಗಲ್ಲ. ಮುಟ್ಟೋ ಹಾಗೆ ಮಾಡಿ ಮಗನಲ್ಲಿ ಹೊಸ ಕ್ಲಿಕ್ ಕೋಡ್ ಬರೆದರೆ, ಅದು ಅಪ್ಪನ ಕೋಡನ್ನು ತೆಗೆದುಹಾಕೋದಿಲ್ಲ. ಮೊದಲು ಅಪ್ಪನದು ಓಡುತ್ತೆ, ಆಮೇಲೆ ಮಗನದು. ತಿದ್ದೋಕೆ ಹೋದರೆ ಒಮ್ಮೆ ಸೇರಿಸಿ, ಆಮೇಲೆ ತಿದ್ದುತ್ತೆ. ಹಾಗಾಗದಿರಲಿ ಅಂತ ಮೂಲ ಫಾರ್ಮನ್ನು ಆಬ್‌ಸ್ಟ್ರ್ಯಾಕ್ಟ್ ಮಾಡಿದರೆ, ಮಗ ಫಾರ್ಮನ್ನು ಡಿಸೈನರ್‌ನಲ್ಲಿ ತೆರೆಯೋಕೆ ಹೋದಾಗ ತೆರೆಯಲ್ಲ. ಸರಿಯಾದ ಕ್ರಮ ಇದೆ: ಮೂಲದ ಕ್ಲಿಕ್ ಒಂದು ವರ್ಚುಯಲ್ ಮೆಥಡ್ ಕರೆಯಬೇಕು, ಮಗ ಅದನ್ನು ಓವರ್‌ರೈಡ್ ಮಾಡಬೇಕು. ಆದರೂ ಬಟನ್‌ನ ಒಂದೇ ಒಂದು ಕೆಲಸ ಬದಲಾಯಿಸೋಕೆ ಹೊಸ ಕ್ಲಾಸು, ಹೊಸ ಫೈಲು. ಗುಬ್ಬಿ ಮೇಲೆ ಬ್ರಹ್ಮಾಸ್ತ್ರ.

ಕರೆದವರೇ ಹೇಳಲಿ

ನಾವು ಒಪ್ಪುವ ದಾರಿ ಇವೆರಡಕ್ಕಿಂತ ಚಿಕ್ಕದು. ಸದಸ್ಯರ ಫಾರ್ಮ್‌ಗೆ ಹೊರಗಿನಿಂದ ಮೂರು ಸಂಗತಿ ಕೊಡಿ: ತುಂಬಬೇಕಾದ ಸದಸ್ಯರ ಮಾಹಿತಿ, ಕಿಟಕಿಯ ತಲೆಬರಹ, ಬಟನ್ ಮೇಲಿನ ಮಾತು. ಖಾಲಿ ಮಾಹಿತಿ ಕೊಟ್ಟರೆ ಖಾಲಿ ಪೆಟ್ಟಿಗೆಗಳು, ಹಳೆಯ ಸದಸ್ಯರನ್ನು ಕೊಟ್ಟರೆ ತುಂಬಿದ ಪೆಟ್ಟಿಗೆಗಳು. ಐಎಫ್‌ಎಸ್‌ಸಿ ತಪಾಸಣೆಯನ್ನು ಆ ಫಾರ್ಮ್ ಕರೆಯುತ್ತೆ, ಒಂದೇ ಕಡೆಯಿಂದ. ಎಲ್ಲ ಸರಿ ಇದ್ದರೆ ‘ಆಯಿತು’ ಅಂತ, ಇಲ್ಲವೆಂದರೆ ‘ಬೇಡವಂತೆ’ ಅಂತ ಕರೆದವರಿಗೆ ಉತ್ತರ ಕೊಟ್ಟು ಸುಮ್ಮನಾಗುತ್ತೆ. ಡೇಟಾಬೇಸ್‌ಗೆ ಸೇರಿಸೋದೋ ತಿದ್ದೋದೋ, ಅದು ಕರೆದವರ ಪಾಡು. ವಿಂಡೋಸ್ ಫಾರ್ಮ್ಸ್‌ನ ಶೋಡೈಲಾಗ್ ಮತ್ತು ಡೈಲಾಗ್‌ರಿಸಲ್ಟ್ ಇರೋದೇ ಇದಕ್ಕೆ. ತಪಾಸಣೆಯಲ್ಲಿ ತಪ್ಪು ಸಿಕ್ಕರೆ ಕ್ಲಿಕ್ ಕೋಡ್‌ನಲ್ಲಿ ಫಾರ್ಮ್‌ನ ಡೈಲಾಗ್‌ರಿಸಲ್ಟ್ ಅನ್ನು ‘ನನ್’ ಅಂತ ಇಟ್ಟರೆ ಕಿಟಕಿ ಮುಚ್ಚದೆ ನಿಲ್ಲುತ್ತೆ.

ಒಂದು ಸಂದರ್ಭದಲ್ಲಿ ಇಷ್ಟು ಸಾಲದು. ಸೇರಿಸುವಾಗ ಅದೇ ಖಾತೆ ನಂಬರು ಬೇರೊಬ್ಬ ಸದಸ್ಯರ ಹೆಸರಲ್ಲಿ ಮೊದಲೇ ಇದೆ ಅಂತ ಡೇಟಾಬೇಸ್ ಹೇಳಿತು ಅನ್ನಿ. ಅಷ್ಟರಲ್ಲಿ ಫಾರ್ಮ್ ಮುಚ್ಚಿಹೋಗಿದ್ದರೆ ಕಾರ್ಯದರ್ಶಿ ಟೈಪ್ ಮಾಡಿದ್ದೆಲ್ಲ ಹೋಯ್ತು. ಇಂಥ ಕಡೆ ಕೆಲಸವನ್ನೇ ಒಂದು ಫಂಕ್ಷನ್ ಆಗಿ ಫಾರ್ಮ್ ಕೈಗೆ ಕೊಡಬೇಕು. ಬಟನ್ ಒತ್ತಿದಾಗ ಫಾರ್ಮ್ ಅದನ್ನು ಕರೆಯುತ್ತೆ. ಕೆಲಸ ಆದರೆ ಮುಚ್ಚುತ್ತೆ, ಆಗದಿದ್ದರೆ ಕಾರಣ ತೋರಿಸಿ ತೆರೆದೇ ಇರುತ್ತೆ. ಒಳಗೆ ಏನು ನಡೀತು ಅಂತ ಫಾರ್ಮ್‌ಗೆ ಗೊತ್ತಿರಬೇಕಿಲ್ಲ. ಸಿ ಶಾರ್ಪ್‌ನಲ್ಲಿ ಡೆಲಿಗೇಟ್, ಜಾವಾ ಸ್ವಿಂಗ್‌ನಲ್ಲಿ ಆಕ್ಷನ್‌ಲಿಸನರ್, ಪೈಥಾನ್‌ನ ಟಿಕೆಇಂಟರ್‌ನಲ್ಲಿ ಬಟನ್‌ಗೆ ಕೊಡುವ ‘ಕಮಾಂಡ್’, ಎಲ್ಲವೂ ಈ ಒಂದೇ ಆಲೋಚನೆಯ ಬೇರೆ ಬೇರೆ ವೇಷ. ಇದು ಹೊಸ ಶೋಧವೂ ಅಲ್ಲ. 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕ ‘ಕಮಾಂಡ್’ ಮಾದರಿಯನ್ನು ವಿವರಿಸೋದು ಬಟನ್ ಮತ್ತು ಮೆನುಗಳ ಉದಾಹರಣೆಯಿಂದಲೇ: ಟೂಲ್‌ಕಿಟ್ ಬರೆದವರಿಗೆ ಬಟನ್ ಮುಂದೆ ಏನು ಮಾಡಬೇಕಾಗುತ್ತೆ ಅಂತ ಗೊತ್ತಿರೋಕೆ ಸಾಧ್ಯವಿಲ್ಲ, ಹಾಗಾಗಿ ಕೆಲಸ ಹೊರಗಿನಿಂದ ಬರಬೇಕು.

ಈ ದಾರಿಯಲ್ಲೂ ಗುಂಡಿಗಳಿವೆ, ಮೊದಲೇ ಹೇಳಿಬಿಡ್ತೀವಿ. ಒಂದೇ ಫಾರ್ಮ್ ಅಂದ್ರೆ ಒಂದೇ ಫಾರ್ಮ್ ಕ್ಲಾಸು. ಅದೇ ಆಬ್ಜೆಕ್ಟನ್ನು ದಿನವಿಡೀ ಇಟ್ಟುಕೊಂಡು ಮತ್ತೆ ಮತ್ತೆ ತೋರಿಸಬೇಕು ಅಂತಲ್ಲ. ಹಾಗೆ ಇಟ್ಟುಕೊಂಡು ಪ್ರತಿ ಸಲ ತೋರಿಸುವ ಮುಂಚೆ ಕ್ಲಿಕ್‌ಗೆ ಹೊಸ ಹ್ಯಾಂಡ್ಲರ್ ಸೇರಿಸುತ್ತಾ ಹೋದರೆ ಹಳೆಯವು ಎಲ್ಲೂ ಹೋಗಿರಲ್ಲ. ಮೂರನೇ ಸಲ ಒತ್ತಿದಾಗ ಕೆಲಸ ಮೂರು ಸಲ ಆಗುತ್ತೆ, ಒಬ್ಬ ಸದಸ್ಯರು ಪಟ್ಟಿಯಲ್ಲಿ ಮೂರು ಸಲ ಕೂರ್ತಾರೆ. ಪ್ರತಿ ಸಲ ಹೊಸ ಆಬ್ಜೆಕ್ಟ್ ಮಾಡಿ, ಕೆಲಸ ಮುಗಿದ ಮೇಲೆ ಬಿಟ್ಟುಬಿಡಿ. ಶೋಡೈಲಾಗ್‌ನಿಂದ ತೋರಿಸಿದ ಫಾರ್ಮ್ ಮುಚ್ಚಿದಾಗ ಬರೀ ಮರೆಯಾಗುತ್ತೆ, ತಾನಾಗಿ ಡಿಸ್ಪೋಸ್ ಆಗಲ್ಲ. ಅದಕ್ಕೇ ಅದನ್ನು ‘ಯೂಸಿಂಗ್’ ಒಳಗೆ ಬರೆಯೋದು ಕ್ಷೇಮ. ಟಿಕೆಇಂಟರ್ ಬಳಸುವವರು ಕಮಾಂಡ್‌ಗೆ ಫಂಕ್ಷನ್ ಹೆಸರು ಕೊಡುವಾಗ ಮುಂದೆ ಆವರಣ ಚಿಹ್ನೆ ಹಾಕಬೇಡಿ. ಹಾಕಿದರೆ ಫಾರ್ಮ್ ತೆರೆಯುವ ಮೊದಲೇ ಫಂಕ್ಷನ್ ಓಡಿ ಮುಗಿದಿರುತ್ತೆ, ಬಟನ್ ಒತ್ತಿದರೆ ಏನೂ ಆಗಲ್ಲ.

‘ರದ್ದು’ ಒತ್ತಿದರೆ ಏನು ರದ್ದು?

ಇಲ್ಲಿಯವರೆಗೂ ಬರೆಯುವವರ ಮಾತಾಯ್ತು. ಕನ್ನಡ ಬಳಗದ ಪತ್ರಿಕೆಯಲ್ಲಿ ಇದನ್ನು ಬರೆಯೋಕೆ ನಮಗಿರುವ ನಿಜವಾದ ಕಾರಣ ಇನ್ನು ಮುಂದಿದೆ.

ಫಾರ್ಮ್ ಒಂದೇ ಆದಾಗ ಬಳಸುವವರಿಗೆ ಒಂದು ಅಪಾಯ ಹೆಚ್ಚುತ್ತೆ. ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತೆ, ಕೈ ಅಭ್ಯಾಸದಿಂದ ಅದೇ ಜಾಗಕ್ಕೆ ಹೋಗುತ್ತೆ, ಆದರೆ ಬಟನ್ ಈ ಸಲ ಬೇರೆ ಕೆಲಸ ಮಾಡುತ್ತೆ. ಕಟ್, ಕಾಪಿ, ಪೇಸ್ಟ್ ರೂಪಿಸಿದವರಲ್ಲಿ ಒಬ್ಬರಾದ ಲ್ಯಾರಿ ಟೆಸ್ಲರ್ ಇಂಥ ‘ಮೋಡ್’ಗಳ ವಿರುದ್ಧ ಜೀವನವಿಡೀ ವಾದಿಸಿದವರು. ಕಾರಿನ ನಂಬರ್ ಪ್ಲೇಟಿನಲ್ಲೂ ‘ನೋ ಮೋಡ್ಸ್’ ಅಂತಲೇ ಹಾಕಿಸಿಕೊಂಡಿದ್ದರು. ಕ್ಯಾಪ್ಸ್ ಲಾಕ್ ಆನ್ ಇದ್ದದ್ದು ಗೊತ್ತಾಗದೆ ಪಾಸ್‌ವರ್ಡ್ ತಪ್ಪಿಸಿಕೊಂಡ ಯಾರಿಗೇ ಆದರೂ ಅವರ ಸಿಟ್ಟು ಅರ್ಥವಾಗುತ್ತೆ. ಹಾಗಾಗಿ ಕೋಡ್ ಒಂದೇ ಇರಲಿ, ಆದರೆ ಈಗ ನಾವು ಯಾವ ಕೆಲಸದಲ್ಲಿದ್ದೀವಿ ಅನ್ನೋದು ಪರದೆ ಮೇಲೆ ಎದ್ದು ಕಾಣಲಿ. ತಲೆಬರಹದಲ್ಲಿ ‘ಸದಸ್ಯರ ವಿವರ ತಿದ್ದುಪಡಿ’ ಅಂತ ಇರಲಿ. ಬರೀ ನೋಡುವ ಸಂದರ್ಭದಲ್ಲಿ ಪೆಟ್ಟಿಗೆಗಳು ತಿದ್ದಲಾಗದ ಹಾಗೆ ಇರಲಿ, ಉಳಿಸುವ ಬಟನ್ ಕಾಣದೇ ಇರಲಿ.

ಬಟನ್ ಮೇಲಿನ ಮಾತಿಗೆ ಬನ್ನಿ. ಎಲ್ಲ ಕಡೆ ‘ಓಕೆ’ ಅಂತ ಬರೆದರೆ ಒಂದೇ ಫಾರ್ಮ್ ಎಲ್ಲದಕ್ಕೂ ಹೊಂದುತ್ತೆ, ಬರೆಯುವವರಿಗೆ ಸುಖ. ಆದರೆ ಯಾವುದಕ್ಕೆ ಓಕೆ? ಕನ್ನಡದಲ್ಲಿ ಇದು ಇನ್ನೂ ಮೋಜಾಗುತ್ತೆ. ಸದಸ್ಯತ್ವ ರದ್ದು ಮಾಡುವ ಕಿಟಕಿ ತೆರೆದಿದೆ ಅಂದುಕೊಳ್ಳಿ. “ಈ ಸದಸ್ಯತ್ವವನ್ನು ರದ್ದು ಮಾಡಬೇಕೆ?” ಕೆಳಗೆ ಎರಡು ಬಟನ್: ‘ಸರಿ’, ‘ರದ್ದು’. ಈಗ ಹೇಳಿ, ‘ರದ್ದು’ ಒತ್ತಿದರೆ ಸದಸ್ಯತ್ವ ರದ್ದಾಗುತ್ತೋ, ರದ್ದು ಮಾಡುವ ಯೋಚನೆ ರದ್ದಾಗುತ್ತೋ? ಇಂಗ್ಲಿಷಿನ ಕ್ಯಾನ್ಸಲ್ ಅನ್ನು ಪದಕೋಶ ನೋಡಿ ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತೆ. ಕಾರ್ಯದರ್ಶಿ ಎರಡು ಸಲ ಯೋಚಿಸಿ, ಕೊನೆಗೆ ಧೈರ್ಯ ಮಾಡಿ ಒಂದನ್ನು ಒತ್ತುತ್ತಾರೆ. ಪ್ರೋಗ್ರಾಮ್ ಅವರಿಂದ ಧೈರ್ಯ ಕೇಳಬಾರದು.

ನಮ್ಮ ಸಲಹೆ: ಆ ಎರಡು ಬಟನ್‌ಗಳು ‘ಸದಸ್ಯತ್ವ ತೆಗೆದುಹಾಕಿ’ ಮತ್ತು ‘ಬೇಡ, ಹಿಂದಕ್ಕೆ’ ಅಂತ ಇರಲಿ. ಸೇರಿಸುವಾಗ ‘ಸದಸ್ಯರನ್ನು ಸೇರಿಸಿ’, ತಿದ್ದುವಾಗ ‘ಬದಲಾವಣೆ ಉಳಿಸಿ’. ಕನ್ನಡದ ಮಾತು ಉದ್ದ ಆಗುತ್ತೆ, ಬಟನ್‌ನಲ್ಲಿ ಹಿಡಿಸಲ್ಲ ಅಂತ ದೂರು ಬರುತ್ತೆ. ಬಟನ್ ಅಗಲ ಮಾಡಿ. ಅಕ್ಷರಕ್ಕೆ ತಕ್ಕಂತೆ ಬಟನ್ ಹಿಗ್ಗೋ ಸೌಲಭ್ಯ ವಿಂಡೋಸ್ ಫಾರ್ಮ್ಸ್‌ನಲ್ಲೇ ಇದೆ. ಮಾತನ್ನು ಹೊರಗಿನಿಂದ ಕೊಡುವ ಕ್ರಮ ಇಟ್ಟುಕೊಂಡರೆ ಇನ್ನೊಂದು ಲಾಭ: ಅದೇ ಫಾರ್ಮ್ ನಾಳೆ ಇಂಗ್ಲಿಷಿನಲ್ಲೂ ತುಳುವಿನಲ್ಲೂ ನಿಲ್ಲುತ್ತೆ, ಒಂದು ಸಾಲು ಕೋಡ್ ಮುಟ್ಟದೆ.

ಎಲ್ಲವೂ ಒಂದೇ ಆಗಬೇಕಿಲ್ಲ

“ಹಾಗಾದ್ರೆ ಇಡೀ ಪ್ರೋಗ್ರಾಮ್‌ಗೆ ಒಂದೇ ಫಾರ್ಮ್ ಸಾಕೇನು?” ಅಂತ ಕೇಳುವ ತರಲೆ ಗೆಳೆಯರಿಗೂ ಉತ್ತರ ಇದೆ. ಸಾಲದು. ಪೆಟ್ಟಿಗೆಗಳೂ ಒಂದೇ, ಅವುಗಳ ನಿಯಮವೂ ಒಂದೇ, ಕೊನೆಯ ಕೆಲಸ ಮಾತ್ರ ಬೇರೆ ಅಂದಾಗ ಫಾರ್ಮ್ ಒಂದೇ ಇರಲಿ. ಅಳಿಸೋದನ್ನೇ ನೋಡಿ. ಅದಕ್ಕೆ ಹೆಸರು, ಸಂಖ್ಯೆ ತೋರಿಸಿ “ಇವರೇನಾ?” ಅಂತ ಕೇಳಿದರೆ ಮುಗೀತು. ಅದಕ್ಕೂ ಇಡೀ ಸದಸ್ಯರ ಫಾರ್ಮ್ ಎಳೆದು ತಂದು ಹತ್ತು ಪೆಟ್ಟಿಗೆ ಮರೆಮಾಡೋದು ಮೂರ್ಖತನ. ಮರೆಮಾಡುವ ಸಾಲುಗಳು ಹೆಚ್ಚಾಗ್ತಾ ಹೋದರೆ ಅದು ಎರಡು ಫಾರ್ಮ್ ಅಂತಲೇ ಅರ್ಥ. ನಡುವಿನ ದಾರಿಯೂ ಉಂಟು: ಪೆಟ್ಟಿಗೆಗಳನ್ನಷ್ಟೇ ಒಂದು ಯೂಸರ್ ಕಂಟ್ರೋಲ್‌ನಲ್ಲಿ ಕಟ್ಟಿ, ಬೇರೆ ಬೇರೆ ಫಾರ್ಮ್‌ಗಳಲ್ಲಿ ಅದನ್ನೇ ಕೂರಿಸೋದು. ಆಗ ತಪಾಸಣೆ ಒಂದೇ ಕಡೆ ಇರುತ್ತೆ, ಫಾರ್ಮ್‌ಗಳು ತಮ್ಮ ಪಾಡಿಗೆ ತಾವು ಇರುತ್ತವೆ.

ಕೊನೆಗೆ ಅಂಕಗಳ ಮಾತು. ಪ್ರಾಜೆಕ್ಟ್ ವರದಿಯಲ್ಲಿ ಸ್ಕ್ರೀನ್‌ಶಾಟ್ ಎಷ್ಟಿವೆ, ಫಾರ್ಮ್ ಎಷ್ಟಿವೆ ಅಂತ ಎಣಿಸೋದಾದರೆ ಕಾಪಿ ಹೊಡೆದವರೇ ಗೆಲ್ಲೋದು. ಹನ್ನೆರಡು ಫಾರ್ಮ್‌ನ ಕೆಲಸವನ್ನು ಐದರಲ್ಲಿ ಮುಗಿಸಿದ ತಂಡದ ವರದಿ ತೆಳ್ಳಗೆ ಕಾಣುತ್ತೆ. ನಮ್ಮ ಅಧ್ಯಾಪಕರಲ್ಲಿ ಒಂದು ಕೋರಿಕೆ: ವೈವಾದಲ್ಲಿ “ಎಷ್ಟು ಫಾರ್ಮ್ ಮಾಡಿದ್ದೀರಿ?” ಬದಲು ಒಂದು ಸಣ್ಣ ಬದಲಾವಣೆ ಕೊಡಿ. “ಫೋನ್ ನಂಬರು ಹತ್ತು ಅಂಕಿಯೇ ಇರಬೇಕು, ಈಗಲೇ ಮಾಡಿ ತೋರಿಸಿ.” ಎಷ್ಟು ಫೈಲ್ ತೆರೆದರು ಅಂತ ಎಣಿಸಿ. ಒಂದು ತೆರೆದವರಿಗೂ ನಾಲ್ಕು ತೆರೆದವರಿಗೂ ಇರುವ ವ್ಯತ್ಯಾಸ ಎರಡೇ ನಿಮಿಷದಲ್ಲಿ ಗೊತ್ತಾಗುತ್ತೆ.

ಜೂನಿಯರ್ ಗೆಳೆಯರಿಗೂ ಒಂದು ಮಾತು. ಮುಂದಿನ ಸಲ ಬಟನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ಕೋಡ್ ಜಾಗಕ್ಕೆ ಬಂದಾಗ, ಬರೆಯುವ ಮೊದಲು ಕೇಳಿಕೊಳ್ಳಿ: ಇದು ಫಾರ್ಮ್‌ನ ಕೆಲಸವೋ, ಕೌಂಟರಿನ ಕೆಲಸವೋ? ಕೌಂಟರಿನದಾದರೆ ಅಲ್ಲಿ ಬರೀಬೇಡಿ, ಹೊರಗಿನಿಂದ ಬರಲಿ. ಆಮೇಲೆ ಬಟನ್ ಮೇಲೆ ಕನ್ನಡದಲ್ಲಿ ಒಂದು ಕ್ರಿಯಾಪದ ಬರೆಯಿರಿ. ನಿಮ್ಮ ಅಮ್ಮನಿಗೆ ತೋರಿಸಿ “ಇದನ್ನ ಒತ್ತಿದರೆ ಏನಾಗುತ್ತಮ್ಮ?” ಅಂತ ಕೇಳಿ. ಅವರು ಹೇಳಿದ್ದೇ ಆದರೆ ಆ ಫಾರ್ಮ್ ಮುಗೀತು ಅಂತ ಲೆಕ್ಕ.